ಹುಲಿಯ ಸುತ್ತ ಒಂದಿಷ್ಟು ಕಾಡು ಬಿಡಿ

(ಚಿತ್ರದುರ್ಗದಲ್ಲಿ ಛಾಯಾಗ್ರಹಣದ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಪರದೆಯ ಮೇಲಿರುವ ಎರಡು ಚಿತ್ರಗಳನ್ನು ಒಂದು ನಿಮಿಷ ನೋಡಿ. ಎರಡರಲ್ಲಿಯೂ ಚಿರತೆಯ ಮುಖವಷ್ಟೇ ಇದೆ. ಹಣೆಯಿಂದ ಗಲ್ಲದವರೆಗೆ ಚೌಕಟ್ಟು ತುಂಬಿಕೊಂಡಿದೆ, ಮೀಸೆಯ ಕೂದಲನ್ನು ಎಣಿಸಬಹುದು, ಕಣ್ಣಿನೊಳಗೆ ಆಕಾಶದ ಬಿಳುಪು ಕೂಡ ಕಾಣುತ್ತದೆ. ಇವುಗಳಲ್ಲಿ ಒಂದನ್ನು ಕಬಿನಿ ಹಿನ್ನೀರಿನ ಬಳಿ ಎರಡು ದಿನಗಳಲ್ಲಿ ನಾಲ್ಕು ಸಫಾರಿ ಮಾಡಿ, ಮೂರರಲ್ಲಿ ಬರಿಗೈಯಲ್ಲಿ ಮರಳಿ, ನಾಲ್ಕನೆಯದರ ಕೊನೆಯ ಕಾಲು ಗಂಟೆಯಲ್ಲಿ ತೆಗೆದೆ. ಇನ್ನೊಂದನ್ನು ಈ ಊರಿನ ಮಗ್ಗುಲಲ್ಲೇ ಇರುವ ಆಡುಮಲ್ಲೇಶ್ವರದ ಕಿರು ಮೃಗಾಲಯದಲ್ಲಿ, ಟಿಕೆಟು ಪಡೆದು ಒಳಹೊಕ್ಕ ಹತ್ತು ನಿಮಿಷದಲ್ಲಿ ತೆಗೆದೆ. ಕಾಡಿನದು ಯಾವುದು ಎಂದು ಕೇಳಿದಾಗ ನಿಮ್ಮಲ್ಲಿ ಹೆಚ್ಚಿನವರು ಬಲಗಡೆಯದಕ್ಕೆ ಕೈ ಎತ್ತಿದಿರಿ. ಬಲಗಡೆಯದು ಮೃಗಾಲಯದ್ದು. ಪ್ರಾಣಿಯು ಜಾಲರಿಯಿಂದ ಸಾಕಷ್ಟು ಹಿಂದೆ ಕುಳಿತಿರುವಾಗ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಪೂರ್ತಿ ತೆರೆದು ಉದ್ದನೆಯ ಲೆನ್ಸಿನಿಂದ ಫೋಕಸ್ ಮಾಡಿದರೆ ಜಾಲರಿಯ ತಂತಿಗಳು ಚಿತ್ರದಲ್ಲಿ ಕರಗಿ ಹೋಗುತ್ತವೆ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ.

ತಪ್ಪು ನಿಮ್ಮದಲ್ಲ, ಚಿತ್ರದ್ದು. ನಾಲ್ಕು ಸಫಾರಿಯ ಹಣ, ನಿದ್ದೆ, ಬೆನ್ನುನೋವು ಎಲ್ಲವನ್ನೂ ಸುರಿದು ತೆಗೆದ ಚಿತ್ರದಲ್ಲಿ ಆ ಚಿರತೆ ಎಲ್ಲಿತ್ತು ಎಂಬುದಕ್ಕೆ ಒಂದೇ ಒಂದು ಸಾಕ್ಷಿಯನ್ನೂ ನಾನು ಉಳಿಸಿಕೊಂಡಿರಲಿಲ್ಲ. ಅದು ಮಲಗಿದ್ದ ಮತ್ತಿಮರದ ಕೊಂಬೆ, ಕೊಂಬೆಯ ಮೇಲಿದ್ದ ಪಾಚಿ, ಕೆಳಗೆ ತಲೆಯೆತ್ತಿ ನಿಂತಿದ್ದ ಜಿಂಕೆಗಳ ಹಿಂಡು, ಎಲ್ಲವೂ ನನ್ನ ಕಣ್ಣಿನ ಮುಂದಿತ್ತು. ನಾನು ಅದನ್ನೆಲ್ಲ ಹೊರಗಿಟ್ಟು ಮುಖವನ್ನು ಮಾತ್ರ ತಂದೆ. ಸಫಾರಿಯಲ್ಲಿ ದೊಡ್ಡ ಬೆಕ್ಕುಗಳನ್ನು ತೆಗೆಯುವ ವಿಷಯದಲ್ಲಿ ಇವತ್ತು ನಾನು ಹೇಳಬೇಕಾದದ್ದು ಇಷ್ಟೇ: ಹುಲಿಯನ್ನು ಚೌಕಟ್ಟಿನಲ್ಲಿ ಚಿಕ್ಕದಾಗಿಡಿ. ಉಳಿದ ಮಾತುಗಳೆಲ್ಲ, ಶಟರ್ ವೇಗದಿಂದ ಹಿಡಿದು ಜೀಪಿನ ಚಾಲಕನೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದರವರೆಗೆ, ಇದೇ ಮಾತಿನ ಕೊಂಬೆಗಳು.

ನನಗೆ ಈ ಮುಖದ ಚಾಳಿ ಹತ್ತಿದ್ದು ಎಲ್ಲಿಂದ ಎಂದು ನನಗೆ ಗೊತ್ತು. ದಾವಣಗೆರೆಯಲ್ಲಿ ಇಪ್ಪತ್ತಾರು ವರ್ಷ ಮದುವೆಯ ಫೋಟೋ ತೆಗೆದು ಸಂಸಾರ ನಡೆಸಿದವನು ನಾನು. ಮದುವೆಮನೆಯಲ್ಲಿ ಹಿನ್ನೆಲೆಯೆಂದರೆ ಶತ್ರು: ಹಿಂದೆ ಯಾರೋ ಬಾಯಿಗೆ ಲಾಡು ಹಾಕಿಕೊಳ್ಳುತ್ತಿರುತ್ತಾರೆ, ಪ್ಲಾಸ್ಟಿಕ್ ಕುರ್ಚಿಗಳ ರಾಶಿ ಇರುತ್ತದೆ, ಫ್ಯಾನು ತಿರುಗುತ್ತಿರುತ್ತದೆ. ಆದ್ದರಿಂದ ನಾವು ಮುಖಕ್ಕೆ ಹತ್ತಿರ ಹೋಗುತ್ತೇವೆ, ಹಿಂದಿನದನ್ನು ಮಸುಕಾಗಿಸುತ್ತೇವೆ, ‘ಒಂಚೂರು ಈ ಕಡೆ ನೋಡಿ’ ಎನ್ನುತ್ತೇವೆ. ಅದೇ ಕೈ, ಅದೇ ಕಣ್ಣು ಕಾಡಿಗೆ ಹೋದಾಗ ಹುಲಿಯನ್ನೂ ಮದುಮಗನಂತೆಯೇ ನೋಡಿತು. ಹುಲಿಯೋ ‘ಈ ಕಡೆ ನೋಡಿ’ ಎಂದರೆ ನೋಡುವುದಿಲ್ಲ. ನೋಡಲೆಂದು ಜೀಪಿನ ಬಾಗಿಲು ತಟ್ಟುವವರನ್ನು, ಶಿಳ್ಳೆ ಹಾಕುವವರನ್ನು ನಾನು ಕಂಡಿದ್ದೇನೆ, ಮತ್ತು ಆ ಜೀಪಿನಲ್ಲಿ ಸುಮ್ಮನೆ ಕುಳಿತಿದ್ದವನು ನಾನೇ ಆದ್ದರಿಂದ ಅವರನ್ನು ಹೆಚ್ಚು ದೂರುವುದಿಲ್ಲ.

ಹಿಂದಿನವರು ಹೇಗೆ ತೆಗೆಯುತ್ತಿದ್ದರು ಎಂಬುದನ್ನು ಸ್ವಲ್ಪ ಹೇಳಬೇಕು. ಭಾರತದಲ್ಲಿ ಕಾಡಿನ ಹುಲಿಯ ಚಿತ್ರಗಳನ್ನು ಮೊದಲು ತೆಗೆದವರೆಂದು ಹೆಸರಾದವರು ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ. 1920ರ ದಶಕದಲ್ಲಿ, ಇಂದಿನ ಉತ್ತರ ಪ್ರದೇಶ ಮತ್ತು ಉತ್ತರಾಖಂಡದ ತಪ್ಪಲಿನ ಕಾಡುಗಳಲ್ಲಿ, ಹುಲಿ ನಡೆಯುವ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯ ಕಾಲು ತಾಗಿದಾಗ ಫ್ಲ್ಯಾಷ್ ಬೆಳಗಿ ಚಿತ್ರ ಮೂಡುವಂತೆ ಅವರು ವ್ಯವಸ್ಥೆ ಮಾಡಿದ್ದರು. ಆ ವಿಧಾನದಲ್ಲಿ ಛಾಯಾಗ್ರಾಹಕ ಅಲ್ಲಿರುವುದೇ ಇಲ್ಲ. ಹಾಗಾಗಿ ಹುಲಿ ಎಲ್ಲಿ ಹೆಜ್ಜೆ ಇಡುತ್ತದೆ ಎಂಬುದನ್ನು ಮೊದಲೇ ತಿಳಿದಿರದ ಹೊರತು ಚಿತ್ರವಿಲ್ಲ. ನಮ್ಮ ಪಕ್ಕದ ಸಂಡೂರಿನ ಎಂ. ವೈ. ಘೋರ್ಪಡೆಯವರು ಇನ್ನೊಂದು ಬಗೆಯವರು. ರಾಜ್ಯದ ಹಣಕಾಸು ಸಚಿವರಾಗಿದ್ದವರು ಎಂದು ಹಿರಿಯರಿಗೆ ನೆನಪಿರಬಹುದು, ಆದರೆ ಛಾಯಾಗ್ರಾಹಕರ ನಡುವೆ ಅವರ ಹೆಸರು ಉಳಿದಿರುವುದು ಕಪ್ಪು ಬಿಳುಪಿನ ವನ್ಯಜೀವಿ ಚಿತ್ರಗಳಿಂದ. ಬಣ್ಣವಿಲ್ಲದ ಚಿತ್ರದಲ್ಲಿ ಪ್ರಾಣಿ, ಬೆಳಕು ಮತ್ತು ಜಾಗ ಈ ಮೂರೂ ಸೇರಿ ನಿಲ್ಲಬೇಕು. ಕಿತ್ತಳೆ ಬಣ್ಣವೊಂದೇ ಚಿತ್ರವನ್ನು ಎತ್ತಿ ಹಿಡಿಯಲಾರದು.

ಇದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ನೀವು ತೆಗೆದ ಅತ್ಯುತ್ತಮ ಹುಲಿಯ ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ. ಹುಲಿ ಒಣಹುಲ್ಲಿನಲ್ಲಿ ಕಲೆತು ಕಾಣದಂತಾದರೆ, ನೀವು ನಂಬಿಕೊಂಡಿದ್ದು ಬಣ್ಣವನ್ನು ಮಾತ್ರ ಎಂದಾಯಿತು. ಜಿಂಕೆಗೂ ಹೆಚ್ಚು ಕಡಿಮೆ ಹಾಗೆಯೇ ಕಾಣುತ್ತದೆ. ಅದರ ಕಣ್ಣು ಕೆಂಪು ಹಸಿರುಗಳ ಭೇದವನ್ನು ನಮ್ಮಂತೆ ಗುರುತಿಸಲಾರದು. ನಮಗೆ ಬೆಂಕಿಯಂತೆ ಉರಿಯುವ ಹುಲಿಯ ಮೈ ಅದಕ್ಕೆ ಸುತ್ತಲಿನ ಸೊಪ್ಪಿನ ಬಣ್ಣದ್ದೇ ಆಗಿರುತ್ತದೆ. ಪಟ್ಟೆಗಳು ಯಾಕಿವೆ ಎಂಬುದನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಅಂಥ ಒಂದು ಚಿತ್ರ ಚೆನ್ನಾಗಿ ತೋರಿಸುತ್ತದೆ.

ಇನ್ನು ದೂರದ ವಿಷಯ. ಹತ್ತಿರ ಹೋದಷ್ಟೂ ಒಳ್ಳೆಯದೆಂದು ಎಲ್ಲರೂ ತಿಳಿದಿದ್ದಾರೆ. ಆದರೆ ನೀವು ಕುಳಿತಿರುವುದು ಜೀಪಿನ ಮೇಲೆ. ನಿಮ್ಮ ಕ್ಯಾಮೆರಾ ನೆಲದಿಂದ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿದೆ, ಹುಲಿಯ ಕಣ್ಣು ಒಂದು ಮೀಟರಿಗಿಂತ ತುಸು ಕೆಳಗಿದೆ ಎಂದುಕೊಳ್ಳಿ. ಹುಲಿ ಹತ್ತು ಮೀಟರ್ ದೂರದಲ್ಲಿದ್ದರೆ ನೀವು ಅದನ್ನು ಸುಮಾರು 9 ಡಿಗ್ರಿ ಮೇಲಿನಿಂದ ನೋಡುತ್ತೀರಿ. ಚಿತ್ರದಲ್ಲಿ ಅದರ ಬೆನ್ನು ಅಗಲವಾಗಿ, ಕಾಲು ಮೊಟಕಾಗಿ, ಹಿನ್ನೆಲೆಯಲ್ಲಿ ಬರೀ ಮಣ್ಣು ಕಾಣುತ್ತದೆ. ಅದೇ ಹುಲಿ ಐವತ್ತು ಮೀಟರ್ ದೂರದಲ್ಲಿದ್ದರೆ ಆ ಕೋನ 2 ಡಿಗ್ರಿಗೂ ಕಡಿಮೆಯಾಗುತ್ತದೆ. ಆಗ ನೀವು ಅದರ ಕಣ್ಣಿನ ಮಟ್ಟಕ್ಕೆ ಇಳಿದಂತೆಯೇ. ಅದರ ಹಿಂದೆ ರಸ್ತೆ ಕಾಣುತ್ತದೆ, ರಸ್ತೆಯ ತಿರುವು ಕಾಣುತ್ತದೆ, ತಿರುವಿನಲ್ಲಿ ಬಿದಿರ ಮೆಳೆ ಕಾಣುತ್ತದೆ. ಜೀಪಿನಿಂದ ಇಳಿಯಲಾಗದವನು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಬರಬೇಕಾದರೆ ಹಿಂದೆ ಸರಿಯುವುದೇ ಉಪಾಯ. ಈ ಲೆಕ್ಕವನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಹತ್ತು ವರ್ಷ ಚಾಲಕರ ಬೆನ್ನು ಬೀಳುವುದು ತಪ್ಪುತ್ತಿತ್ತು.

ಹಾಗೆಂದು ದೂರಕ್ಕೂ ಒಂದು ಮಿತಿ ಇದೆ, ಮತ್ತು ಅದನ್ನು ಹಾಕುವುದು ಬಿಸಿಲು. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಕಬಿನಿಯ ಹಿನ್ನೀರು ಇಳಿದು ಬಯಲಾಗಿದ್ದ ಜಾಗದಲ್ಲಿ, ಸುಮಾರು ಇನ್ನೂರು ಮೀಟರ್ ಆಚೆ, ಹೆಣ್ಣುಹುಲಿಯೊಂದು ನೀರಿನಲ್ಲಿ ಹಿಂಗಾಲು ಮುಳುಗಿಸಿ ಕುಳಿತಿತ್ತು. 600 ಎಂಎಂ ಲೆನ್ಸನ್ನು ಬಾಡಿಗೆಗೆ ತಂದಿದ್ದೆ. ಮುಕ್ಕಾಲು ಗಂಟೆಯಲ್ಲಿ ನಾನೂರಕ್ಕೂ ಹೆಚ್ಚು ಬಾರಿ ಕ್ಲಿಕ್ಕಿಸಿದೆ. ಊರಿಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಒಂದೂ ಚೊಕ್ಕವಾಗಿರಲಿಲ್ಲ. ಲೆನ್ಸು ಕೆಟ್ಟಿದೆಯೆಂದು ಬಾಡಿಗೆ ಕೊಟ್ಟವನೊಂದಿಗೆ ಜಗಳವನ್ನೂ ಆಡಿದೆ. ಕೆಟ್ಟಿದ್ದು ಲೆನ್ಸಲ್ಲ. ನಮ್ಮ ಹೆದ್ದಾರಿಯಲ್ಲಿ ಮಧ್ಯಾಹ್ನ ಡಾಂಬರಿನ ಮೇಲೆ ನೀರು ಹರಿದಂತೆ ಕಾಣುವುದಿಲ್ಲವೇ, ಅದೇ ಕಾರಣ. ಕಾದ ನೆಲದ ಮೇಲಿನ ಬಿಸಿಗಾಳಿ ಪದರಪದರವಾಗಿ ಏಳುವಾಗ ಒಂದೊಂದು ಪದರವೂ ಬೆಳಕನ್ನು ಒಂದೊಂದು ಬಗೆಯಲ್ಲಿ ಬಾಗಿಸುತ್ತದೆ. ದೂರ ಹೆಚ್ಚಿದಷ್ಟೂ, ಲೆನ್ಸು ಉದ್ದವಾದಷ್ಟೂ ಆ ನಡುಕ ಹಿಗ್ಗುತ್ತದೆ. ಎಷ್ಟು ಬೆಲೆಯ ಲೆನ್ಸಿಗೂ ಅದಕ್ಕೆ ಮದ್ದಿಲ್ಲ. ಬೆಳಗ್ಗೆ ನೆಲ ಕಾಯುವ ಮೊದಲು, ಇಲ್ಲವೇ ಮಳೆ ಬಿದ್ದು ನೆಲ ತಣಿದ ಮೇಲೆ ದೂರದ ಚಿತ್ರ ತೆಗೆಯಿರಿ. ಹತ್ತು ಗಂಟೆಯ ಬಿಸಿಲಿನಲ್ಲಿ ಬಯಲಿನ ಆಚೆ ಹುಲಿ ಕಂಡರೆ ಕ್ಯಾಮೆರಾ ಕೆಳಗಿಟ್ಟು ದುರ್ಬೀನಿನಲ್ಲಿ ನೋಡಿ ಸಂತೋಷಪಡಿ.

ಹುಲಿ ಎದುರಿಗೆ ಬರುವ ಚಿತ್ರವನ್ನು ಎಲ್ಲರೂ ಬಯಸುತ್ತಾರೆ, ಆದರೆ ಅದರ ಹಿಂದೆ ಓಡುತ್ತಾರೆ. ಹಿಂದೆ ಓಡಿದವನಿಗೆ ಸಿಗುವುದು ಬಾಲ. ಹುಲಿ ಕಾಡಿನ ರಸ್ತೆಯಲ್ಲಿ ನಡೆಯುವುದಕ್ಕೆ ಕಾರಣಗಳಿವೆ: ರಸ್ತೆಯಲ್ಲಿ ಮುಳ್ಳಿಲ್ಲ, ಸದ್ದಿಲ್ಲದೆ ನಡೆಯಬಹುದು, ಮತ್ತು ತನ್ನ ಗಡಿಯನ್ನು ಗುರುತಿಸಲು ದಾರಿಬದಿಯ ಮರಗಳಿಗೆ ಮೂತ್ರ ಸಿಂಪಡಿಸುತ್ತಾ ಸಾಗಬಹುದು. ರಸ್ತೆಗೆ ಒಮ್ಮೆ ಇಳಿದ ಹುಲಿ ಬಹಳ ಸಲ ಮುಂದಿನ ತಿರುವಿನವರೆಗೂ ಅದರಲ್ಲೇ ಬರುತ್ತದೆ. ತಿಳಿದ ಚಾಲಕ ಆ ತಿರುವಿಗೆ ಮೊದಲೇ ಹೋಗಿ, ಎಂಜಿನ್ ಆರಿಸಿ, ದಾರಿ ಬಿಟ್ಟು ನಿಲ್ಲುತ್ತಾನೆ. ಈ ಊರಿನವರಿಗೆ ಹೊಂಚು ಹಾಕುವುದನ್ನು ನಾನು ಕಲಿಸಬೇಕಾಗಿಲ್ಲ. ಓಬವ್ವ ಸೈನಿಕರನ್ನು ಬೆನ್ನಟ್ಟಿ ಹೋಗಲಿಲ್ಲ, ಅವರು ತಲೆ ಹಾಕುವ ಕಿಂಡಿಯ ಬಳಿ ನಿಂತಳು.

ಎಲ್ಲಿ ನಿಲ್ಲಬೇಕೆಂಬುದನ್ನು ಕಾಡೇ ಹೇಳುತ್ತದೆ, ನಾವು ಮಾತು ನಿಲ್ಲಿಸಿದರೆ. ಜಿಂಕೆಯ ಎಚ್ಚರಿಕೆಯ ಕೂಗು ಎಲ್ಲರಿಗೂ ಬೇಗ ಗುರುತಾಗುತ್ತದೆ, ಆದರೆ ಜಿಂಕೆ ಗಾಬರಿಯ ಪ್ರಾಣಿ, ಅನುಮಾನಕ್ಕೂ ಕೂಗುತ್ತದೆ. ಮುಸುವ ಮರದ ತುದಿಯಲ್ಲಿ ಕುಳಿತು ಕೆಳಗೆ ನೋಡುತ್ತಾ ಕೆಮ್ಮಿದಂತೆ ಕೂಗಿದರೆ ಅದು ಕಣ್ಣಾರೆ ಕಂಡೇ ಕೂಗಿರುತ್ತದೆ; ಅದರ ಮುಖ ಯಾವ ಕಡೆಗಿದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು. ಕಡವೆ ಕೂಗಿ, ಕಾಲು ನೆಲಕ್ಕೆ ಬಡಿದು, ಬಾಲ ಎತ್ತಿ ನಿಂತರೆ ಅನುಭವಿ ಚಾಲಕರು ಕೂಡ ಎಂಜಿನ್ ಆರಿಸುತ್ತಾರೆ. ಆಗ ಕ್ಯಾಮೆರಾವನ್ನು ಮೊದಲು ಕಡವೆಯ ಕಡೆಗೇ ತಿರುಗಿಸಿ. ಕಾಣದ ಹುಲಿಯನ್ನು ನೋಡುತ್ತಿರುವ ಕಡವೆಯ ಚಿತ್ರ ಎಷ್ಟೋ ಹುಲಿಯ ಚಿತ್ರಗಳಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪುವವರು ಕಡಿಮೆ.

ಕಾಯದೆ ಬೆನ್ನಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಯಾವ ಕಾಡು ಎಂಬುದು ಬೇಡ. ಹೆಣ್ಣುಹುಲಿಯೊಂದು ರಸ್ತೆಯ ಪಕ್ಕದ ಲಂಟಾನದೊಳಗಿಂದ ತಲೆ ಹೊರಗೆ ಹಾಕಿ, ಆಚೆ ಬದಿಯನ್ನು ನೋಡುತ್ತಾ ನಿಂತಿತ್ತು. ನಮ್ಮ ಚಾಲಕ ಅರವತ್ತರ ಹತ್ತಿರದವರು. ‘ಸುಮ್ನಿರಿ ಸಾರ್, ದಾಟ್ತದೆ’ ಎಂದರು. ನನ್ನ ಜಾಗದಿಂದ ಅದರ ಒಂದು ಕಣ್ಣಿಗೆ ಎಲೆ ಅಡ್ಡ ಬರುತ್ತಿತ್ತು. ‘ಎರಡೇ ಅಡಿ ಮುಂದೆ ತಗೊಳ್ಳಿ ಅಣ್ಣಾ’ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಅವರು ಬೇಸರದಿಂದ ಗಾಡಿ ಚಾಲೂ ಮಾಡಿದರು. ಹುಲಿ ತಲೆ ಒಳಗೆಳೆದುಕೊಂಡಿತು. ಆಗಲೇ ರಸ್ತೆಯ ಆಚೆ ಬದಿಯಿಂದ, ನಾವು ಯಾರೂ ನೋಡದಿದ್ದ ಕಡೆಯಿಂದ, ಬೆಕ್ಕಿನ ಮರಿಯ ಕೂಗಿನಂಥದ್ದೇ ಆದರೆ ಅದಕ್ಕಿಂತ ದಪ್ಪನೆಯ ಒಂದು ಕೂಗು ಕೇಳಿತು. ಮರಿಗಳು ಆ ಬದಿಯಲ್ಲಿದ್ದವು, ತಾಯಿ ಈ ಬದಿಯಲ್ಲಿತ್ತು, ನಡುವೆ ನಮ್ಮ ಜೀಪು. ಚಾಲಕರು ಒಂದು ಮಾತೂ ಆಡದೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದರು, ಗೇಟಿನವರೆಗೂ ಮಾತಾಡಲಿಲ್ಲ. ಎಲೆ ಅಡ್ಡ ಬಂದಿದ್ದ ಆ ಚಿತ್ರ ಇಲ್ಲಿದೆ ನೋಡಿ. ಈಗ ನನಗೆ ಆ ಎಲೆಯಿಂದ ಯಾವ ತೊಂದರೆಯೂ ಕಾಣುವುದಿಲ್ಲ.

ಸಲಕರಣೆಯ ಬಗ್ಗೆ ಬಹಳ ಹೊತ್ತು ಮಾತಾಡಲು ನನಗೆ ಮನಸ್ಸಿಲ್ಲ, ಆದರೆ ಕೈಚೀಲದ ಬಗ್ಗೆ ಹೇಳದೆ ಬಿಡುವುದಿಲ್ಲ. ಜೀಪಿನಲ್ಲಿ ಟ್ರೈಪಾಡ್ ನಿಲ್ಲಿಸಲು ಜಾಗವಿಲ್ಲ. ಲೆನ್ಸನ್ನು ನೇರವಾಗಿ ಕಂಬಿಯ ಮೇಲಿಟ್ಟರೆ ಗಾಡಿಯ ನಡುಕವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಅದಕ್ಕೆ ಕಾಳು ತುಂಬಿದ ಚೀಲ ಬೇಕು. ಅಂಗಡಿಯಲ್ಲಿ ಸಿಗುತ್ತದೆ, ಕೊಳ್ಳಬೇಡಿ. ನಮ್ಮ ಮನೆಯವರು ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಒಂದು ಬದಿಗೆ ಇಮ್ಮಡಿ ಹೊಲಿಗೆ, ಇನ್ನೊಂದು ಬದಿಗೆ ಜಿಪ್ ಹಾಕಿ ಹೊಲಿದುಕೊಟ್ಟದ್ದು ಹನ್ನೊಂದು ವರ್ಷದಿಂದ ನನ್ನ ಬಳಿ ಇದೆ. ಅದರಲ್ಲಿ ಮೊದಲು ನಮ್ಮ ಕಡೆಯ ಮೆಕ್ಕೆಜೋಳ ತುಂಬಿದೆ: ಕಾಳು ದಪ್ಪ, ಲೆನ್ಸು ತಿರುಗಿಸಿದಾಗ ಗರಗರ ಸದ್ದು. ರಾಗಿ ತುಂಬಿದರೆ ಲೆನ್ಸಿನ ಮೈಗೆ ಹಾಸಿಗೆಯಂತೆ ಒಗ್ಗುತ್ತದೆ, ಆದರೆ ಹೊಲಿಗೆ ಒಂದೆಳೆ ಬಿಟ್ಟರೆ ಜೀಪಿನ ತುಂಬಾ ರಾಗಿ. ಕೊನೆಗೆ ಹೆಸರುಕಾಳಿಗೆ ಬಂದು ನಿಂತಿದ್ದೇನೆ. ಮುಕ್ಕಾಲು ಭಾಗ ಮಾತ್ರ ತುಂಬಬೇಕು, ಬಿಗಿಯಾಗಿ ತುಂಬಿದ ಚೀಲದ ಮೇಲೆ ಲೆನ್ಸು ಉರುಳುತ್ತದೆ. ದಾವಣಗೆರೆಯವನಾದ್ದರಿಂದ ಗೆಳೆಯರು ಮಂಡಕ್ಕಿ ತುಂಬು ಎಂದು ಹಾಸ್ಯ ಮಾಡುತ್ತಾರೆ. ಸಫಾರಿ ಮುಗಿಯುವ ಹೊತ್ತಿಗೆ ಅದು ಹಿಟ್ಟಾಗಿರುತ್ತದೆ.

ಚೀಲವಿದ್ದು ಎಂಜಿನ್ ಆರಿದ್ದರೆ ನಿಂತ ಹುಲಿಗೆ ಸೆಕೆಂಡಿನ 250ರಲ್ಲಿ ಒಂದು ಭಾಗದ ಶಟರ್ ವೇಗವೂ ಸಾಕಾಗುತ್ತದೆ; ನಡೆಯುವ ಹುಲಿಗೆ 500ರಲ್ಲಿ ಒಂದು, ಓಡಿದರೆ 1600ರಲ್ಲಿ ಒಂದು ಅಥವಾ ಅದಕ್ಕೂ ಹೆಚ್ಚು. ಮುಂಜಾನೆ ಮರಗಳಡಿಯ ಬೆಳಕಿನಲ್ಲಿ ಇದಕ್ಕೆ ಕ್ಯಾಮೆರಾದ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ 3200 ಅಥವಾ 6400ಕ್ಕೆ ಏರಿಸಬೇಕಾಗುತ್ತದೆ, ಏರಿಸಿ. ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸಲಾಗದು.

ಬೆಳಕಿನ ಅಳತೆಯಲ್ಲಿ ಒಂದೊಂದು ಬೆಕ್ಕೂ ಒಂದೊಂದು ಬಗೆಯಲ್ಲಿ ಕ್ಯಾಮೆರಾವನ್ನು ಮೋಸಗೊಳಿಸುತ್ತದೆ. ಹುಲಿಯ ಕಣ್ಣಿನ ಮೇಲೆ ಮತ್ತು ಕೆನ್ನೆಯಲ್ಲಿ ಅಚ್ಚ ಬಿಳಿಯ ಕೂದಲಿದೆ. ಎಲೆಗಳ ನಡುವಿನಿಂದ ಬಿದ್ದ ಬಿಸಿಲಿನ ಚುಕ್ಕೆ ಅಲ್ಲಿ ಕೂತರೆ ಆ ಭಾಗ ಸುಣ್ಣ ಬಳಿದಂತಾಗಿ ಒಂದು ಕೂದಲೂ ಉಳಿಯುವುದಿಲ್ಲ. ಬೆಳಕನ್ನು ಅರ್ಧ ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಕಡಿಮೆ ಮಾಡಿಟ್ಟುಕೊಳ್ಳುವುದು ಕ್ಷೇಮ. ಗಿರ್‌ನ ಸಿಂಹದಲ್ಲಿ ಈ ತೊಂದರೆಯಿಲ್ಲ, ಅದರ ಮೈಬಣ್ಣವೂ ಒಣಗಿದ ಹುಲ್ಲಿನ ಬಣ್ಣವೂ ಒಂದೇ. ಅಲ್ಲಿ ತಪ್ಪುವುದು ಫೋಕಸ್, ಏಕೆಂದರೆ ಕ್ಯಾಮೆರಾ ಮುಂದಿನ ಹುಲ್ಲಿನ ಎಸಳನ್ನು ಹಿಡಿದುಕೊಂಡು ಸಿಂಹವನ್ನು ಬಿಟ್ಟುಬಿಡುತ್ತದೆ. ಗಿರ್‌ಗೆ ಹೋಗುವವರು ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಅಲ್ಲಿ ಬಾಗಿಲು ಮುಚ್ಚಿರುತ್ತದೆ ಎಂಬುದನ್ನು ನೆನಪಿಡಿ.

ಕಬಿನಿಯ ಕರಿಚಿರತೆಯ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ. ಅದು ಬೇರೆ ಜಾತಿಯ ಪ್ರಾಣಿಯಲ್ಲ. ತಂದೆ ತಾಯಿ ಇಬ್ಬರಿಂದಲೂ ಒಂದು ಅಡಗಿದ ಗುಣ ಬಂದು ಸೇರಿದಾಗ ಹುಟ್ಟುವ, ಕಪ್ಪು ವರ್ಣದ ಮಾಮೂಲಿ ಚಿರತೆ. ಚುಕ್ಕೆಗಳೂ ಹಾಗೆಯೇ ಇರುತ್ತವೆ. ಕ್ಯಾಮೆರಾ ಕಪ್ಪನ್ನು ಕಂಡಾಗ ಬೆಳಕು ಸಾಲದೆಂದು ತಿಳಿದು ಹೆಚ್ಚು ಬೆಳಕು ತುಂಬಿ ಬೂದುಬಣ್ಣದ ಬೆಕ್ಕನ್ನು ಕೊಡುತ್ತದೆ. ಒಂದು ಸ್ಟಾಪ್ ಕಡಿಮೆ ಮಾಡಿದರೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಪಕ್ಕದಿಂದ ಬಿಸಿಲು ಬಿದ್ದರೆ ಆ ಕಪ್ಪಿನೊಳಗಿನ ಚುಕ್ಕೆಗಳು ರೇಷ್ಮೆಯ ಮೇಲಿನ ನೇಯ್ಗೆಯಂತೆ ತೋರುತ್ತವಂತೆ. ‘ಅಂತೆ’ ಎನ್ನುವುದಕ್ಕೆ ಕಾರಣ, ಹದಿನಾಲ್ಕು ಸಫಾರಿಗಳಲ್ಲಿ ಅದು ನನಗೆ ಒಮ್ಮೆಯೂ ಕಾಣಿಸಿಲ್ಲ.

ಪಕ್ಕದಿಂದ ಎಂದೆನಲ್ಲ, ಅಲ್ಲಿಗೆ ಇನ್ನೊಂದು ಮಾತು ಸೇರಿಸಬೇಕು. ನಮ್ಮ ಕರ್ನಾಟಕದವರೇ ಆದ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ, ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳನ್ನಿಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಅಂಕಿಅಂಶ ಶಾಸ್ತ್ರದ ಸಹಾಯದಿಂದ ಸಂಖ್ಯೆಯನ್ನು ಅಂದಾಜಿಸುವ ಕ್ರಮವನ್ನು ಬೆಳೆಸಿದರು. ನಮ್ಮ ಹೆಬ್ಬೆರಳಿನ ಗೆರೆಗಳಂತೆ ಯಾವ ಎರಡು ಹುಲಿಗಳ ಪಟ್ಟೆಯೂ ಒಂದೇ ಅಲ್ಲ. ಒಂದೇ ಹುಲಿಯ ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನದಕ್ಕೂ ಹೋಲಿಕೆಯಿಲ್ಲ. ಅದಕ್ಕಾಗಿಯೇ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಇಡುತ್ತಾರೆ. ನೀವು ತೆಗೆದ ಮುಖದ ಚಿತ್ರಕ್ಕಿಂತ, ಹುಲಿ ರಸ್ತೆ ದಾಟುವಾಗ ತೆಗೆದ ಪೂರ್ತಿ ಮಗ್ಗುಲಿನ ಸಾದಾ ಚಿತ್ರ ಅದು ಯಾವ ಹುಲಿ ಎಂಬುದನ್ನು ಹೇಳಲು ಹೆಚ್ಚು ನೆರವಾಗುತ್ತದೆ. ಸಿಂಹದ ಮೈಯಲ್ಲಿ ಪಟ್ಟೆಯಿಲ್ಲದ್ದರಿಂದ ಅಲ್ಲಿ ಮಾತ್ರ ಮುಖವೇ ಬೇಕು. ಮೀಸೆಯ ಬುಡದ ಚುಕ್ಕೆಗಳ ಸಾಲಿನಿಂದ ಅದನ್ನು ಗುರುತಿಸುತ್ತಾರೆ.

ಚಿತ್ರದಿಂದ ಏನನ್ನು ಹೊರಗಿಡುತ್ತೇವೆ ಎಂಬುದೂ ಒಂದು ಬಗೆಯ ಸುಳ್ಳಾಗಬಹುದು. 2017ರಲ್ಲಿ ಗೆಳೆಯರ ಗುಂಪಿನೊಂದಿಗೆ, ಮಗಳ ಓದಿಗೆಂದು ಇಟ್ಟಿದ್ದರಲ್ಲಿ ಸ್ವಲ್ಪ ಮುರಿದು, ಕೆನ್ಯಾದ ಮಸಾಯ್ ಮಾರಾಕ್ಕೆ ಹೋಗಿದ್ದೆ. ಅಲ್ಲಿ ಚೀತಾ ತನ್ನ ಮೂರು ಮರಿಗಳೊಂದಿಗೆ ಗೆದ್ದಲ ಹುತ್ತದ ಮೇಲೆ ಕುಳಿತ ಈ ಚಿತ್ರಕ್ಕೆ ನನಗೆ ಬಹುಮಾನವೂ ಬಂದಿದೆ. ಸುತ್ತ ಹುಲ್ಲುಗಾವಲು, ಮೇಲೆ ಮೋಡ, ಮನುಷ್ಯರ ಸುಳಿವಿಲ್ಲ. ಇದೇ ಚಿತ್ರದ ಕತ್ತರಿಸದ ರೂಪ ಇಲ್ಲಿದೆ: ಬಲಕ್ಕೆ ನಾಲ್ಕು ಗಾಡಿ, ಎಡಕ್ಕೆ ಮೂರು, ನಾನು ಕುಳಿತದ್ದು ಎಂಟನೆಯದರಲ್ಲಿ. ಚೀತಾ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ, ಅಂದರೆ ನಾವು ಓಡಾಡುವ ಹೊತ್ತೇ ಅದು ದುಡಿಯುವ ಹೊತ್ತು. ಮರುವರ್ಷ, 2018ರಲ್ಲಿ, ಅದೇ ಮಾರಾದಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಪ್ರವಾಸಿಗಳು ಕಡಿಮೆ ಇರುವ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ದೊಡ್ಡ ಮಾಡಿದರೆ, ಪ್ರವಾಸಿಗಳು ಹೆಚ್ಚಿರುವ ಕಡೆ ಆ ಸರಾಸರಿ 0.2 ಮಾತ್ರ ಎಂದು ಅದರಲ್ಲಿತ್ತು. ಅದನ್ನು ಓದಿದ ಮೇಲೆ ಬಹುಮಾನದ ಫಲಕವನ್ನು ಸ್ಟುಡಿಯೋದ ಗೋಡೆಯಿಂದ ಇಳಿಸಿದೆ. ಚಿತ್ರವನ್ನು ಇಳಿಸಲಿಲ್ಲ, ಅದರ ಜಾಗದಲ್ಲಿ ಈ ಕತ್ತರಿಸದ ರೂಪವನ್ನು ಹಾಕಿದ್ದೇನೆ.

ನಮ್ಮಲ್ಲಿಯೂ ಮಿತಿಗಳಿವೆ. ಹುಲಿ ಸಂರಕ್ಷಿತ ಪ್ರದೇಶದ ತಿರುಳು ಭಾಗದಲ್ಲಿ ಶೇ. 20ಕ್ಕಿಂತ ಹೆಚ್ಚಿನ ಜಾಗವನ್ನು ಪ್ರವಾಸಕ್ಕೆ ಬಿಡಬಾರದೆಂದು 2012ರ ಮಾರ್ಗಸೂಚಿ ಹೇಳುತ್ತದೆ. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತು. ಆಗ ಬುಕಿಂಗ್ ಹಾಳಾಯಿತೆಂದು ಗೊಣಗಿದ ಗೆಳೆಯರಿಗೆ ನಾನು ಹೇಳಿದ್ದು, ನಾವು ಹೋಗುವುದು ಯಾರದೋ ಹೊಲದ ಬದುವಿನ ಮೇಲೆ ಎಂಬುದನ್ನು ಮರೆಯಬಾರದು ಎಂದು. ಮೈಸೂರಿನ ಕಡೆಗೇ ಎಲ್ಲರೂ ನುಗ್ಗಬೇಕಾಗಿಯೂ ಇಲ್ಲ. ನಮಗೆ ಹತ್ತಿರದ ಹುಲಿ ಕಾಡು ಭದ್ರಾ. 1998ರಿಂದ ಅದು ಹುಲಿ ಯೋಜನೆಯಲ್ಲಿದೆ. ದಾವಣಗೆರೆಯ ಭತ್ತದ ಗದ್ದೆಗೆ ನಾಲೆಯಲ್ಲಿ ಬರುವ ನೀರು ಲಕ್ಕವಳ್ಳಿಯಲ್ಲಿ ಹಿನ್ನೀರಾಗಿ ನಿಂತಿರುವಾಗ ಅದರ ದಡದಲ್ಲಿ ಹುಲಿಯ ಹೆಜ್ಜೆ ಮೂಡಿರುತ್ತದೆ. ಅಲ್ಲಿ ಹುಲಿ ಕಾಣುವುದು ಅಪರೂಪ, ಕಬಿನಿಯಂತೆ ಅಲ್ಲ. ದೋಣಿಯಲ್ಲಿ ಹೋಗಿ ಆ ಹೆಜ್ಜೆಗಳ ಚಿತ್ರ ತೆಗೆದುಕೊಂಡು ಬರುವುದಕ್ಕೂ ತಯಾರಾಗಿದ್ದರೆ ಹೋಗಿ.

ಅಭ್ಯಾಸಕ್ಕೆ ಕಾಡೇ ಬೇಕೆಂದಿಲ್ಲ. ದಾವಣಗೆರೆಯ ಕುಂದವಾಡ ಕೆರೆಯಲ್ಲಿ ಹಾರುವ ಹಕ್ಕಿಗಳನ್ನು ಫೋಕಸ್ ಬಿಡದೆ ಹಿಂಬಾಲಿಸಿ. ನಿಮ್ಮ ಕಡೆಗೆ ನೇರವಾಗಿ ನಡೆದು ಬರುವ ಬೀದಿನಾಯಿಯನ್ನು ಬೆಳಗ್ಗೆ ಆರು ಗಂಟೆಯ ಬೆಳಕಿನಲ್ಲಿ ತೆಗೆಯಿರಿ; ನಡಿಗೆಯಲ್ಲಿ ತಲೆ ಏರಿಳಿಯುವುದು, ಕಣ್ಣಿನ ಮೇಲೆ ಫೋಕಸ್ ಜಾರುವುದು, ಎಲ್ಲವೂ ಹುಲಿಯಲ್ಲಿ ಆದಂತೆಯೇ ಆಗುತ್ತದೆ. ಅಕ್ಕಪಕ್ಕದ ಮನೆಯವರು ಏನೆಂದುಕೊಂಡಾರೆಂಬ ಸಂಕೋಚ ಒಂದು ವಾರ ಇರುತ್ತದೆ.

ಕೊನೆಗೆ ನಮ್ಮದೇ ಬೆಕ್ಕಿಗೆ ಬರುತ್ತೇನೆ. 2022ರ ಅಂದಾಜಿನಂತೆ ದೇಶದಲ್ಲಿ 3,682 ಹುಲಿಗಳಿವೆ, ಕರ್ನಾಟಕದಲ್ಲಿ 563. ಅದೇ ವರ್ಷದ ಅಂದಾಜಿನಲ್ಲಿ ರಾಜ್ಯದ ಚಿರತೆಗಳು 1,879. ಆ ಎಣಿಕೆ ನಡೆಯುವುದು ಹೆಚ್ಚಾಗಿ ಹುಲಿಯಿರುವ ಕಾಡುಗಳಲ್ಲಿ. ನಮ್ಮ ಜೋಗಿಮಟ್ಟಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ, ಹೊಲಗಳ ನಡುವೆ ಎದ್ದಿರುವ ಹೆಸರಿಲ್ಲದ ಕಲ್ಲುಗುಡ್ಡಗಳು, ಇಲ್ಲೆಲ್ಲ ಚಿರತೆ ನಮ್ಮ ಜೊತೆಗೇ ಇದೆ. ಇವುಗಳ ಚಿತ್ರ ನಮ್ಮ ಮೊಬೈಲಿಗೆ ಬರುವುದು ಒಂದೇ ಬಗೆಯಲ್ಲಿ: ಬೋನಿಗೆ ಬಿದ್ದು, ಕಂಬಿಗೆ ಮುಖ ಬಡಿದು ರಕ್ತ ಸೋರುತ್ತಿರುವಾಗ, ಸುತ್ತ ನೂರು ಮಂದಿ ಮೊಬೈಲ್ ಎತ್ತಿ ನಿಂತಿರುವಾಗ. ಆ ಚಿತ್ರವನ್ನು ತೆಗೆಯಬೇಡಿ, ಬಂದರೆ ಮುಂದಕ್ಕೆ ಕಳಿಸಬೇಡಿ. ಗುಂಪು ಚದುರಿದರೆ ಅರಣ್ಯ ಇಲಾಖೆಯವರ ಕೆಲಸವೂ ಬೇಗ ಮುಗಿಯುತ್ತದೆ, ಪ್ರಾಣಿಯೂ ಉಸಿರಾಡುತ್ತದೆ.

ಹೀಗಾಗಿ ಕೊನೆಯ ಚಿತ್ರ. ಇದನ್ನು ತೆಗೆದದ್ದು ಸಫಾರಿಯಲ್ಲಲ್ಲ, ಈ ಜಿಲ್ಲೆಯ ಒಂದು ಡಾಂಬರು ರಸ್ತೆಯ ಬದಿಯಿಂದ, 400 ಎಂಎಂ ಲೆನ್ಸಿನಲ್ಲಿ, ಡಿಸೆಂಬರಿನ ಒಂದು ಸಂಜೆ, ಕಾರಿನ ಕಿಟಕಿಯ ಮೇಲೆ ಹೆಸರುಕಾಳಿನ ಚೀಲವಿಟ್ಟು. ಯಾವ ಗುಡ್ಡ ಎಂದು ಕೇಳಬೇಡಿ. ಹೇಳಿದರೆ ನಾಳೆ ಸಂಜೆ ಅಲ್ಲಿ ಇಪ್ಪತ್ತು ಬೈಕು ಇರುತ್ತವೆ. ಇದನ್ನು ಒಂದು ಸ್ಪರ್ಧೆಯ ನಿಸರ್ಗ ವಿಭಾಗಕ್ಕೆ ಕಳಿಸಿದ್ದೆ, ತಿರಸ್ಕೃತವಾಯಿತು. ಆ ವಿಭಾಗದ ನಿಯಮದಂತೆ ಮನುಷ್ಯ ನಿರ್ಮಿತವಾದದ್ದು ಚಿತ್ರದಲ್ಲಿ ಇರಬಾರದು, ನಿಸರ್ಗದ ಕತೆಗೆ ಅದು ಅನಿವಾರ್ಯವಾದ ಹೊರತು. ಇಲ್ಲಿ ಬೆಟ್ಟದ ಸಾಲಿನ ಮೇಲೆ ಐದು ಗಾಳಿಯಂತ್ರಗಳಿವೆ. ಅನಿವಾರ್ಯವೋ ಅಲ್ಲವೋ ಎಂಬುದನ್ನು ನಾನು ತೀರ್ಪುಗಾರರೊಂದಿಗೆ ವಾದಿಸಲಿಲ್ಲ, ನಿಮ್ಮೊಂದಿಗೂ ವಾದಿಸುವುದಿಲ್ಲ. ಚಿರತೆ ಎಲ್ಲಿದೆ ಎಂದು ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ಎಡದಿಂದ ಎರಡನೆಯ ಗಾಳಿಯಂತ್ರದ ನೇರ ಕೆಳಗೆ ಬನ್ನಿ. ಒಂದರ ಮೇಲೊಂದು ಕೂತಿರುವ ಎರಡು ಗುಂಡುಗಳಿವೆಯಲ್ಲ, ಮೇಲಿನದರ ನೆರಳಿನಲ್ಲಿ, ಬಂಡೆಯ ಬಣ್ಣದ್ದೇ ಒಂದು ಬಾಲ ಕೆಳಗೆ ಇಳಿಬಿದ್ದಿದೆ.